ಬ್ಯಾಟರಿ ಸತ್ತದ್ದಲ್ಲ, ಚಾರ್ಜರು ಕೊಂದದ್ದು!

ಬ್ಯಾಟರಿಯ ಮೇಲಿನ ತೆರಿಗೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಇನ್ವರ್ಟರಿಗೆ ಹಾಕುವ ಸೀಸದ ಬ್ಯಾಟರಿಯ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಬಂತು. ವ್ಯಾಪಾರಸ್ಥರಿಗೆ ಖುಷಿಯಾಯಿತು. ಆಗಲೇಬೇಕು. ಹತ್ತು ಸಾವಿರ ಮೂಲಬೆಲೆಯ ಬ್ಯಾಟರಿ ಮೊದಲು 12,800 ರೂಪಾಯಿಗೆ ಬೀಳುತ್ತಿತ್ತು, ಈಗ 11,800. ಸಾವಿರ ರೂಪಾಯಿ ಉಳಿಯಿತು.

ಆದರೆ ಲೆಕ್ಕ ಅಲ್ಲಿಗೇ ಮುಗಿಯೋದಿಲ್ಲ. ಈ 11,800ರ ಬ್ಯಾಟರಿ ಎರಡೇ ವರ್ಷಕ್ಕೆ ಮಲಗಿತು ಅನ್ನಿ. ಆಗ ವರ್ಷಕ್ಕೆ ಬಿದ್ದ ಖರ್ಚು 5,900 ರೂಪಾಯಿ. ಅದೇ ಬ್ಯಾಟರಿ ಐದು ವರ್ಷ ಬಾಳಿದರೆ ವರ್ಷಕ್ಕೆ ಬೀಳುವುದು 2,360. ನಡುವಿನ ವ್ಯತ್ಯಾಸ 3,540 ರೂಪಾಯಿ, ಅದೂ ಪ್ರತಿ ವರ್ಷ. ಸರ್ಕಾರ ಒಂದು ಸಾರಿ ಬಿಟ್ಟುಕೊಟ್ಟ ಸಾವಿರಕ್ಕೆ ಚಪ್ಪಾಳೆ ತಟ್ಟುವವರು, ವರ್ಷ ವರ್ಷವೂ ಕೈಯಾರೆ ಚರಂಡಿಗೆ ಹಾಕುತ್ತಿರುವ ಮೂರೂವರೆ ಸಾವಿರದ ಕಡೆ ತಿರುಗಿಯೂ ನೋಡೋದಿಲ್ಲ.

ದಾವಣಗೆರೆಯ ಮಂಡಿಪೇಟೆ ಇರಲಿ, ಚೌಕಿಪೇಟೆ ಇರಲಿ, ಬ್ಯಾಟರಿ ರಿಪೇರಿಯವರ ಮುಂದೆ ನಡೆಯುವ ಮಾತು ಹೆಚ್ಚುಕಮ್ಮಿ ಒಂದೇ.

"ಏನ್ ಸಾವ್ಕಾರ್ರೇ, ಮತ್ತೆ ಬಂದ್ರಿ?"

"ಬರದೆ ಏನ್ ಮಾಡೋಣಪ್ಪಾ? ಎರಡು ವರ್ಷ ಆಗಿಲ್ಲ, ಬ್ಯಾಟ್ರಿ ಕೈ ಕೊಡ್ತು. ಅರ್ಧ ಗಂಟೆ ಫ್ಯಾನ್ ತಿರುಗೋದಿಲ್ಲ."

"ಕಂಪನಿ ಮಾಲು ಈಗ ಮೊದಲಿನ ಹಂಗಿಲ್ಲ ಬಿಡ್ರಿ. ಹೊಸದು ಹಾಕ್ಸಿ."

ಹೊಸದು ಹಾಕಿಸುತ್ತಾರೆ. ಹಳೆಯದನ್ನು ತೂಕಕ್ಕೆ ಕೊಟ್ಟು ಬರುತ್ತಾರೆ. ಎರಡು ವರ್ಷ ಬಿಟ್ಟು ಅದೇ ಮಾತು, ಅದೇ ಬೆಂಚಿನ ಮೇಲೆ. ಬೈಗುಳ ಕಂಪನಿಗೆ ಹೋಗುತ್ತದೆ, ಇಲ್ಲವೇ ಕರೆಂಟ್ ತೆಗೆಯುವವರಿಗೆ. ಆದರೆ ದಿನವೂ ಇಪ್ಪತ್ನಾಲ್ಕು ಗಂಟೆ ಆ ಬ್ಯಾಟರಿಯ ಪಕ್ಕದಲ್ಲೇ ಕೂತು ಅದನ್ನು ಮುಗಿಸಿದ ಆಸಾಮಿಯ ಹೆಸರನ್ನು ಯಾರೂ ಎತ್ತೋದಿಲ್ಲ. ಅವನೇ ಚಾರ್ಜರು.

ಕಾಣದ ಚಾರ್ಜರು

"ನಮ್ಮ ಅಂಗಡೀಲಿ ಚಾರ್ಜರೇ ಇಲ್ಲವಲ್ಲ" ಅನ್ನುವವರು ಬಹಳ ಮಂದಿ. ಇದೆ. ಇನ್ವರ್ಟರ್ ಅಂದರೆ ಒಂದೇ ಡಬ್ಬಿಯಲ್ಲಿ ಎರಡು ಯಂತ್ರ. ಕರೆಂಟ್ ಹೋದಾಗ ಬ್ಯಾಟರಿಯಿಂದ ತೆಗೆದು ಫ್ಯಾನಿಗೆ ಕೊಡುವುದು ಒಂದು. ಕರೆಂಟ್ ಬಂದಾಗ ಲೈನಿನಿಂದ ತೆಗೆದು ಬ್ಯಾಟರಿಗೆ ತುಂಬುವುದು ಇನ್ನೊಂದು. ಈ ಎರಡನೆಯದೇ ಚಾರ್ಜರು.

ಕೊಳ್ಳುವಾಗ ಜನ ಏನು ಕೇಳುತ್ತಾರೆ? ಎಷ್ಟು ವಿಎ, ಎಷ್ಟು ಫ್ಯಾನು ಓಡುತ್ತೆ, ಎಷ್ಟು ವರ್ಷ ಗ್ಯಾರಂಟಿ. ಇದು ಎಷ್ಟು ಆಂಪಿಯರಿನಲ್ಲಿ ತುಂಬುತ್ತೆ, ತುಂಬಿದ ಮೇಲೆ ಏನು ಮಾಡುತ್ತೆ ಅಂತ ಕೇಳುವವರು ಕಮ್ಮಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ರೈತ, ಮೇವು ಹಾಕುವವನು ಯಾರು ಅಂತ ಕೇಳದೆ ಕೊಟ್ಟಿಗೆಯಲ್ಲಿ ಕಟ್ಟಿ ಬಂದ ಹಾಗೆ ಇದು.

ಸೀಸದ ಬ್ಯಾಟರಿ ಹೊಸ ವಸ್ತುವಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅದನ್ನು ಮಾಡಿದ್ದು 1859ರಲ್ಲಿ. ಇವತ್ತಿಗೂ ಒಳಗಿನ ಕೆಲಸ ಅದೇ. ಸೀಸದ ಪ್ಲೇಟುಗಳು, ನಡುವೆ ನೀರು ಬೆರೆಸಿದ ಗಂಧಕಾಮ್ಲ. 12 ವೋಲ್ಟಿನ ಬ್ಯಾಟರಿಯಲ್ಲಿ ಇಂಥ ಆರು ಸೆಲ್ಲು. ಕರೆಂಟ್ ತೆಗೆದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಪ್ಲೇಟು ಮೊದಲಿನಂತಾಗುತ್ತದೆ.

ಯಡವಟ್ಟು ಆಗುವುದು ಇಲ್ಲೇ. ಖಾಲಿಯಾದ ಬ್ಯಾಟರಿಯನ್ನು ಬೇಗ ತುಂಬದೆ ಬಿಟ್ಟರೆ, ಇಲ್ಲವೇ ದಿನವೂ ಅರ್ಧಂಬರ್ಧ ತುಂಬುತ್ತ ಹೋದರೆ, ಆ ಸಲ್ಫೇಟ್ ಗಟ್ಟಿ ಹರಳಾಗಿ ಪ್ಲೇಟಿಗೆ ಕಚ್ಚಿಕೊಳ್ಳುತ್ತದೆ. ಅನ್ನದ ಪಾತ್ರೆಯನ್ನು ಆಗಲೇ ತೊಳೆದರೆ ಸರಿ, ಎರಡು ದಿನ ಬಿಟ್ಟರೆ ಉಜ್ಜಿದರೂ ಹೋಗದು ಅಲ್ಲವೆ? ಹಾಗೆ. ಎಷ್ಟು ಜಾಗಕ್ಕೆ ಹರಳು ಕಚ್ಚಿತೋ ಅಷ್ಟು ಪ್ಲೇಟು ಕೆಲಸಕ್ಕೆ ಬಾರದು. ಬೋರ್ಡಿನ ಮೇಲೆ 150 ಆಂಪಿಯರ್-ಅವರ್ ಅಂತ ಬರೆದಿದ್ದರೂ ಒಳಗೆ ಉಳಿದದ್ದು ಎಪ್ಪತ್ತೋ ಎಂಬತ್ತೋ ಅಷ್ಟೆ.

ಕಿರ್ದಿ ಲೆಕ್ಕ

ವ್ಯಾಪಾರಸ್ಥರಿಗೆ ಕಿರ್ದಿ ಪುಸ್ತಕದ ಹಾಗೆ ಬರೆದು ತೋರಿಸಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಒಂದು ಕಿರಾಣಿ ಅಂಗಡಿ. ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪ. ಸುಮಾರು 200 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಇಷ್ಟು ತೆಗೆಯಲು, ಇನ್ವರ್ಟರಿನ ಸೋರಿಕೆ ಸೇರಿ, ಸುಮಾರು 20 ಆಂಪಿಯರ್ ಬೇಕು. ಎರಡು ಗಂಟೆ ಕರೆಂಟ್ ಹೋದರೆ 40 ಆಂಪಿಯರ್-ಅವರ್ ಖರ್ಚು.

ಆಮೇಲೆ ಎರಡು ಗಂಟೆ ಕರೆಂಟ್ ಬಂತು. ಚಾರ್ಜರು 15 ಆಂಪಿಯರಿನದಾದರೆ 30 ಜಮಾ. ಅದರಲ್ಲಿ ಸೋರಿದ್ದು ಕಳೆದು ಒಳಗೆ ಇಳಿಯುವುದು ಸುಮಾರು 26. ಒಂದು ಸುತ್ತಿಗೆ 14 ನಷ್ಟ. ದಿನಕ್ಕೆ ಇಂಥ ಮೂರು ಸುತ್ತು ಆದರೆ ರಾತ್ರಿ ಬಾಗಿಲು ಹಾಕುವಾಗ 42 ಬಾಕಿ. ರಾತ್ರಿ ಎಂಟು ಗಂಟೆ ಕರೆಂಟ್ ಇದ್ದರೆ ಆ ಬಾಕಿ ತೀರಿ, ಬೆಳಿಗ್ಗೆ ಬ್ಯಾಟರಿ ತುಂಬಿರುತ್ತದೆ.

ಅದೇ ಅಂಗಡಿ, ಅದೇ ಬ್ಯಾಟರಿ, ಆದರೆ ಚಾರ್ಜರು ಅಗ್ಗದ್ದು, 6 ಆಂಪಿಯರಿನದು ಅನ್ನಿ. ಎರಡು ಗಂಟೆಯಲ್ಲಿ 12 ಜಮಾ, ಒಳಗೆ ಇಳಿಯುವುದು ಹತ್ತೇ. ಒಂದು ಸುತ್ತಿಗೆ 30 ನಷ್ಟ, ಮೂರು ಸುತ್ತಿಗೆ 90. ರಾತ್ರಿಯೆಲ್ಲ ತುಂಬಿದರೂ 42ರ ಮೇಲೆ ಇಳಿಯದು. ಬೆಳಿಗ್ಗೆ ಅಂಗಡಿ ತೆರೆಯುವಾಗಲೇ 48 ಸಾಲ. ಎರಡನೇ ದಿನ ಸಂಜೆಗೆ 150ರ ಬ್ಯಾಟರಿಯ ತಳ ಕಾಣುತ್ತದೆ. ದಿನವೂ ಹೊಟ್ಟೆ ತುಂಬದ ಬ್ಯಾಟರಿಯ ಪ್ಲೇಟಿನ ಮೇಲೆ ಹರಳು ಬೆಳೆಯುತ್ತ ಹೋಗುತ್ತದೆ.

2023ರ ಬರದ ವರ್ಷ ಅಕ್ಟೋಬರಿನಲ್ಲೇ ರಾಜ್ಯದಲ್ಲಿ ಕರೆಂಟಿನ ಅಭಾವ ತಲೆ ಹಾಕಿತ್ತು. ಅಂಥ ಕಾಲದಲ್ಲಿ ಈ ಲೆಕ್ಕ ಏನಾಗುತ್ತದೆ ಅಂತ ಯಾರಾದರೂ ಊಹಿಸಬಹುದು. ಲೋಡ್ ಶೆಡ್ಡಿಂಗ್ ಬ್ಯಾಟರಿಯನ್ನು ಖಾಲಿ ಮಾಡಿತು, ನಿಜ. ಖಾಲಿ ಮಾಡುವುದಕ್ಕೇ ಬ್ಯಾಟರಿ ಇಟ್ಟಿರೋದು. ಖಾಲಿಯಾದದ್ದನ್ನು ತುಂಬದೆ ಬಿಟ್ಟದ್ದು ಯಾರು ಅನ್ನುವುದೇ ಪ್ರಶ್ನೆ.

ಹೆಚ್ಚು ತುಂಬಿದರೂ ಸಾವೇ

ಹಾಗಾದರೆ ದೊಡ್ಡ ಚಾರ್ಜರು ಹಾಕಿ ದಬಾಯಿಸಿಬಿಟ್ಟರೆ? ಅದೂ ತಪ್ಪು. ತುಂಬಿದ ಮೇಲೂ ಅದೇ ವೋಲ್ಟಿನಲ್ಲಿ ನೂಕುತ್ತಿದ್ದರೆ ಆ ಶಕ್ತಿ ಒಳಗಿನ ನೀರನ್ನು ಒಡೆಯುತ್ತದೆ. ಜಲಜನಕ, ಆಮ್ಲಜನಕ ಆಗಿ ಮೇಲಕ್ಕೆ ಹೋಗುತ್ತದೆ. ಜನ "ಬ್ಯಾಟ್ರಿ ಕುದೀತಿದೆ, ಒಳ್ಳೇ ಚಾರ್ಜ್ ಆಗ್ತಿದೆ" ಅಂತ ಸಂತೋಷಪಡುತ್ತಾರೆ. ಅದು ಸಾಯುವ ಸದ್ದು. ನೀರು ಇಳಿದು ಪ್ಲೇಟು ಗಾಳಿಗೆ ಬಿದ್ದರೆ ಅಷ್ಟು ಭಾಗ ಒಣಗಿ ಹಾಳಾಗುತ್ತದೆ.

ಇದಕ್ಕೆ ಊರಿನ ಬಿಸಿಲು ಬೇರೆ ಸೇರುತ್ತದೆ. ಬ್ಯಾಟರಿ ಕಂಪನಿಗಳ ಲೆಕ್ಕವೆಲ್ಲ 25ರಿಂದ 27 ಡಿಗ್ರಿ ಶಾಖಕ್ಕೆ ಹಾಕಿದ್ದು. ಅದರ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ ಅನ್ನುವುದು ಇಂಜಿನಿಯರುಗಳು ಇಟ್ಟುಕೊಂಡಿರುವ ಅಂದಾಜು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಶೀಟಿನ ಅಂಗಡಿಯ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ ಗಾಳಿಯೇ ಆಡದ ಕಡೆ ಇಟ್ಟ ಬ್ಯಾಟರಿಯ ಗತಿ ಏನು?

ಬಿಸಿಯಾದ ಬ್ಯಾಟರಿಗೆ ಕಮ್ಮಿ ವೋಲ್ಟು ಸಾಕು, ತಣ್ಣಗಿದ್ದರೆ ಸ್ವಲ್ಪ ಹೆಚ್ಚು ಬೇಕು. ಒಂದು ಡಿಗ್ರಿಗೆ ಒಂದು ಸೆಲ್ಲಿಗೆ ಸುಮಾರು 3 ಮಿಲಿವೋಲ್ಟ್ ಲೆಕ್ಕ. 25ರಿಂದ 40 ಡಿಗ್ರಿಗೆ ಹೋದರೆ ಆರು ಸೆಲ್ಲಿನ ಬ್ಯಾಟರಿಗೆ ಕಾಲು ವೋಲ್ಟಿಗೂ ಮೀರಿ ಇಳಿಸಬೇಕು. ಒಳ್ಳೆಯ ಚಾರ್ಜರು ಶಾಖ ನೋಡಿ ತಾನೇ ಇಳಿಸುತ್ತದೆ. ಅಗ್ಗದ್ದಕ್ಕೆ ಚಳಿಯೂ ಒಂದೇ, ಬೇಸಿಗೆಯೂ ಒಂದೇ.

ಕೊಳ್ಳುವಾಗ ಕೇಳಬೇಕಾದ್ದು

ಚಾರ್ಜರು ಬೇರೆಯಾಗಿ ಕೊಳ್ಳಲಿ, ಇನ್ವರ್ಟರಿನ ಒಳಗಿನದೇ ಇರಲಿ, ಕೌಂಟರಿನಲ್ಲಿ ನಿಂತು ಐದು ಮಾತು ಕೇಳಿದರೆ ಸಾಕು.

ಒಂದು, ಎಷ್ಟು ಆಂಪಿಯರ್? ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಪಾಲು ಅನ್ನುವುದು ಹಳೆಯ, ನಂಬಬಹುದಾದ ಲೆಕ್ಕ. 150ಕ್ಕೆ 15, 100ಕ್ಕೆ 10. ಅದಕ್ಕಿಂತ ಬಹಳ ಕಮ್ಮಿಯಾದರೆ ಹಸಿವು, ಬಹಳ ಹೆಚ್ಚಾದರೆ ಬಿಸಿ. ಕೆಲವು ಇನ್ವರ್ಟರಿನ ಹಿಂದೆ ಇದಕ್ಕೇ ಅಂತ ಹೆಚ್ಚು-ಕಮ್ಮಿಯ ಸ್ವಿಚ್ಚು ಇರುತ್ತದೆ.

ಎರಡು, ಮೂರು ಹಂತದ ಚಾರ್ಜರೇ? ಮೊದಲು ಪೂರ್ತಿ ಆಂಪಿಯರಿನಲ್ಲಿ ತುಂಬಬೇಕು. 14.4 ವೋಲ್ಟಿನ ಆಸುಪಾಸು ಮುಟ್ಟಿದ ಮೇಲೆ ವೋಲ್ಟು ಅಲ್ಲೇ ನಿಲ್ಲಿಸಿ ಆಂಪಿಯರ್ ತಾನಾಗಿ ಇಳಿಯಲು ಬಿಡಬೇಕು. ತುಂಬಿದ ಮೇಲೆ 13.5ರಿಂದ 13.8ಕ್ಕೆ ಇಳಿದು ಕಾವಲು ಕೂರಬೇಕು. ಈ ಕೊನೆಯದನ್ನೇ ಫ್ಲೋಟ್ ಅನ್ನುತ್ತಾರೆ. ಅಂಕಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ, ಬ್ಯಾಟರಿಯ ಜೊತೆ ಕೊಡುವ ಪುಸ್ತಕದಲ್ಲಿ ಇರುತ್ತದೆ. ಬರೀ ಟ್ರಾನ್ಸ್‌ಫಾರ್ಮರ್ ಮತ್ತು ಡಯೋಡ್ ಹಾಕಿ ಕಟ್ಟಿದ ಡಬ್ಬಿಗೆ ಈ ಬುದ್ಧಿ ಇರೋದಿಲ್ಲ. ಅದನ್ನು ಹಾಕಿ ಮರೆತು ಮನೆಗೆ ಹೋದರೆ ಬೆಳಿಗ್ಗೆವರೆಗೂ ಕುದಿಸುತ್ತದೆ.

ಮೂರು, ಯಾವ ಜಾತಿಯ ಬ್ಯಾಟರಿಗೆ? ನೀರು ಹಾಕುವ ಟ್ಯೂಬುಲರ್ ಬೇರೆ, ಮುಚ್ಚಳ ಬಿಚ್ಚಲಾಗದ ಎಸ್‌ಎಂಎಫ್ ಬೇರೆ. ಬಹಳ ಇನ್ವರ್ಟರುಗಳ ಹಿಂದೆ ಜಾತಿ ಆರಿಸುವ ಸ್ವಿಚ್ಚು ಇದೆ. ಎಸ್‌ಎಂಎಫ್ ಹಾಕಿ ಸ್ವಿಚ್ಚನ್ನು ಟ್ಯೂಬುಲರಿನ ಮೇಲೆ ಬಿಟ್ಟರೆ ಹೋದ ನೀರನ್ನು ಮತ್ತೆ ತುಂಬುವ ದಾರಿಯೇ ಇಲ್ಲ. ಟ್ಯೂಬುಲರ್ ಹಾಕಿ ಎಸ್‌ಎಂಎಫ್ ಮೇಲೆ ಬಿಟ್ಟರೆ ಎಂದೂ ಹೊಟ್ಟೆ ತುಂಬದು. ಬ್ಯಾಟರಿ ಬದಲಿಸುವ ಹುಡುಗ ಸ್ವಿಚ್ಚು ಮುಟ್ಟದೆ ಹೋದರೆ ಅಲ್ಲಿಗೆ ಮುಗಿಯಿತು.

ನಾಲ್ಕು, ಲೈನಿನಲ್ಲಿ ವೋಲ್ಟು ಇಳಿದರೆ ಏನು ಮಾಡುತ್ತೆ? ಇದು ಮುಖ್ಯ. ಸಾಮಾನ್ಯವಾಗಿ ಇನ್ವರ್ಟರಿನ ಹಿಂದೆ ಯುಪಿಎಸ್, ನಾರ್ಮಲ್ ಅಂತ ಇನ್ನೊಂದು ಸ್ವಿಚ್ಚು ಇರುತ್ತದೆ. ಯುಪಿಎಸ್ ಕಡೆ ಇದ್ದರೆ ಲೈನು ಸುಮಾರು 180 ವೋಲ್ಟಿಗಿಂತ ಕೆಳಗೆ ಹೋದ ಕೂಡಲೇ "ಕರೆಂಟ್ ಹೋಯಿತು" ಅಂತ ತಿಳಿದು ಅದು ಬ್ಯಾಟರಿಗೆ ಹಾರುತ್ತದೆ. ನಾರ್ಮಲ್ ಕಡೆ ಇದ್ದರೆ ಸುಮಾರು 100 ವೋಲ್ಟಿನವರೆಗೂ ಲೈನಿನ ಮೇಲೇ ನಡೆಯುತ್ತದೆ. ಸಂಜೆ ಎಲ್ಲರ ಮೋಟಾರೂ ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಬೀದಿಯಲ್ಲಿ, ಪಕ್ಕದ ಅಂಗಡಿಯಲ್ಲಿ ದೀಪ ಮಿಣುಕುತ್ತಿರುವಾಗ ಇಲ್ಲಿ ಬ್ಯಾಟರಿ ಸುಮ್ಮನೆ ಖರ್ಚಾಗುತ್ತಿರುತ್ತದೆ. ಬಿಲ್ಲಿಂಗ್ ಕಂಪ್ಯೂಟರ್ ಇದ್ದವರಿಗೆ ಯುಪಿಎಸ್ ಬೇಕು. ಬರೀ ಫ್ಯಾನು-ದೀಪದವರಿಗೆ ನಾರ್ಮಲ್ ಸಾಕು. ಈ ಒಂದು ಸ್ವಿಚ್ಚು ತಿರುಗಿಸಲು ಒಂದು ಪೈಸೆ ಖರ್ಚಿಲ್ಲ.

ಐದು, ಬಿಐಎಸ್ ಗುರುತು ಇದೆಯೇ? 5 ಕೆವಿಎ ವರೆಗಿನ ಯುಪಿಎಸ್, ಇನ್ವರ್ಟರುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಗುರುತು ಇಲ್ಲದ ಡಬ್ಬಿಯನ್ನು ಅಗ್ಗ ಅಂತ ತಂದು, ಬಿಲ್ಲೂ ಇಲ್ಲದೆ ತಂದು, ಆಮೇಲೆ ಯಾರ ಮನೆ ಬಾಗಿಲು ತಟ್ಟುವುದು?

ಬಳಸುವಾಗ

ಬ್ಯಾಟರಿಯನ್ನು ದಿನವೂ ಕಡೆಯ ಹನಿವರೆಗೆ ಹಿಂಡಬಾರದು. ಅರ್ಧ ಖರ್ಚಿನಲ್ಲಿ ನಿಲ್ಲಿಸಿದರೆ ಅದು ಬಾಳುವ ದಿನ ಬಹಳ ಹೆಚ್ಚುತ್ತದೆ. ಲೋಡೂ ಇಲ್ಲದೆ ಚಾರ್ಜೂ ಇಲ್ಲದೆ ಮೂರು ನಾಲ್ಕು ಗಂಟೆ ಬಿಟ್ಟು ಮೀಟರ್ ಹಿಡಿದರೆ, ತುಂಬಿದ ಬ್ಯಾಟರಿ 12.6, 12.7 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ. 11.8 ಅಂದರೆ ಖಾಲಿ. ಕೆಲವು ನೂರು ರೂಪಾಯಿಯ ಮೀಟರು, ಅಷ್ಟೇ ಬೆಲೆಯ ಹೈಡ್ರೋಮೀಟರು, ಇವೆರಡು ಅಂಗಡಿಯ ತಕ್ಕಡಿಯಷ್ಟೇ ಅಗತ್ಯ. ಟ್ಯೂಬುಲರ್ ಬ್ಯಾಟರಿಯ ಆಸಿಡ್ ಪೂರ್ತಿ ಚಾರ್ಜಿನಲ್ಲಿ 1.240ರ ಆಸುಪಾಸು ತೋರಿಸಬೇಕು. ಆರು ಸೆಲ್ಲಿನಲ್ಲಿ ಒಂದೇ ಒಂದು ಬಹಳ ಹಿಂದೆ ಬಿದ್ದಿದ್ದರೆ ಕಾಯಿಲೆ ಅಲ್ಲೇ ಇದೆ ಅಂತ ಗೊತ್ತಾಗುತ್ತದೆ.

ನೀರು ಅಂದರೆ ಡಿಸ್ಟಿಲ್ಡ್ ನೀರೇ. ನಲ್ಲಿ ನೀರಲ್ಲ, ಬೋರ್ ನೀರಲ್ಲ, ಕುಡಿಯುವ ಕ್ಯಾನ್ ನೀರೂ ಅಲ್ಲ. "ಶಕ್ತಿ ಬರಲಿ" ಅಂತ ಆಸಿಡ್ ಸುರಿಯುವುದಂತೂ ಬೇಡವೇ ಬೇಡ. ಹಾರಿ ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. ಪ್ಲೇಟು ಕಾಣುತ್ತಿದ್ದರೆ ಮುಳುಗುವಷ್ಟು ಹಾಕಿ ಚಾರ್ಜ್ ಮಾಡಬೇಕು. ಉಳಿದದ್ದನ್ನು ಗೆರೆಯವರೆಗೆ ತುಂಬುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ಗೆರೆವರೆಗೆ ತುಂಬಿದರೆ ಚಾರ್ಜಿನಲ್ಲಿ ಉಬ್ಬಿ ಉಕ್ಕುತ್ತದೆ.

24 ವೋಲ್ಟಿನ ಇನ್ವರ್ಟರಿಗೆ ಎರಡು ಬ್ಯಾಟರಿ. ಒಂದು ಸತ್ತಾಗ ಅದೊಂದನ್ನೇ ಬದಲಿಸುವ ಜಾಣತನ ಬಹಳ ಕಡೆ ಇದೆ. ಹಳೆಯದು ಬೇಗ ತುಂಬಿ ಕುದಿಯುತ್ತದೆ, ಹೊಸದು ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಕುಂಟೆತ್ತಿನ ಜೋಡಿ ಕಟ್ಟಿದ ಹೊಸ ಎತ್ತೂ ಬಡವಾಗುತ್ತದೆ. ಲಾರಿ, ಕಾರಿನ ಬ್ಯಾಟರಿಯನ್ನು ಇನ್ವರ್ಟರಿಗೆ ಹಾಕುವುದೂ ಅಷ್ಟೆ. ಅದರ ತೆಳು ಪ್ಲೇಟು ಇರುವುದು ಇಂಜಿನ್ನು ಎಬ್ಬಿಸುವ ಒಂದು ಕ್ಷಣದ ಜೋರಿಗೆ, ಗಂಟೆಗಟ್ಟಲೆ ಫ್ಯಾನು ತಿರುಗಿಸಲಿಕ್ಕಲ್ಲ.

ಇನ್ನೊಂದು ಮಾತು. ಚಾರ್ಜಿನಲ್ಲಿ ಹೊರಬರುವ ಜಲಜನಕ ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ದೇವರ ಪಟದ ಕೆಳಗೇ ಬ್ಯಾಟರಿ, ಅದರ ಮೇಲೇ ಊದುಬತ್ತಿಯ ಸ್ಟ್ಯಾಂಡು ಇರುವ ಅಂಗಡಿಗಳಿಗೆ ಕೊರತೆಯಿಲ್ಲ. ದೇವರು ಕಾಯುತ್ತಾನೆ, ಆದರೂ ಸ್ಟ್ಯಾಂಡನ್ನು ನಾಲ್ಕು ಮಾರು ದೂರ ಇಡುವುದು ಒಳ್ಳೆಯದು.

ಸ್ಕೂಟರಿಗೆ ಯಾರದೋ ಚಾರ್ಜರು

ಈ ಕಥೆ ಅಂಗಡಿಗೆ ಮುಗಿಯದೆ ಬೀದಿಗೂ ಇಳಿದಿದೆ. ಬೆಂಗಳೂರಿನಲ್ಲಿ 2001ರಲ್ಲಿ ಹೊರಟ ರೇವಾ ಕಾರು ಸೀಸದ ಬ್ಯಾಟರಿಯ ಮೇಲೇ ಓಡುತ್ತಿತ್ತು. ಈಗ ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೊ ಎಲ್ಲ ಊರಿಗೂ ಬಂದಿವೆ. 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟಿನ ಒಳಗಿನ ಮೋಟಾರಿನ ಸ್ಕೂಟರಿಗೆ ರಿಜಿಸ್ಟ್ರೇಷನ್ನೂ ಬೇಡ, ಲೈಸೆನ್ಸೂ ಬೇಡ. ಇವುಗಳಲ್ಲಿ ಕೆಲವಕ್ಕೆ ಸೀಸದ ಬ್ಯಾಟರಿ, ಕೆಲವಕ್ಕೆ ಲಿಥಿಯಮ್. 48 ವೋಲ್ಟಿನವು ಇವೆ, 60ರವು ಇವೆ, 72ರವೂ ಇವೆ. ಆದರೆ ಚಾರ್ಜರಿನ ಪಿನ್ನು ಎಷ್ಟೋ ಸಾರಿ ಒಂದೇ ತರಹದ್ದು. ಪಿನ್ನು ಕೂತಿತು ಅಂತ ಚಾರ್ಜರು ಸರಿ ಅಂದುಕೊಂಡರೆ ಕೆಟ್ಟಿತು.

48 ವೋಲ್ಟಿನ ಸೀಸದ ಸೆಟ್ಟಿಗೆ ನಾಲ್ಕು ಬ್ಯಾಟರಿ. ಒಂದಕ್ಕೆ 14.4ರಂತೆ ಅದರ ಚಾರ್ಜರು 57.6 ವೋಲ್ಟಿನವರೆಗೆ ಏರುತ್ತದೆ. ಅದೇ 48 ವೋಲ್ಟ್ ಅಂತ ಬರೆದಿರುವ 13 ಸೆಲ್ಲಿನ ಲಿಥಿಯಮ್ ಪ್ಯಾಕು 54.6 ದಾಟಬಾರದು. ಬರೆದ ಅಂಕಿ ಒಂದೇ, ಮಿತಿ ಬೇರೆ. ಪ್ಯಾಕಿನ ಒಳಗಿನ ಕಾವಲು ಸರ್ಕ್ಯೂಟು ಅದನ್ನು ತಡೆಯಬೇಕು. ಅದೂ ಕೈ ಕೊಟ್ಟರೆ ಬೆಂಕಿ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಎಐಎಸ್-156 ಅನ್ನುವ ಸುರಕ್ಷತಾ ನಿಯಮವನ್ನು ಬಿಗಿ ಮಾಡಿತು. ಅದು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ಬಂತು. ನಿಯಮ ಕಾರ್ಖಾನೆಯ ಬಾಗಿಲಿನವರೆಗೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಪಕ್ಕದವರ ಚಾರ್ಜರು ತಂದು ಚುಚ್ಚುವುದನ್ನು ಯಾವ ನಿಯಮ ತಡೆಯುತ್ತದೆ?

ಆಟೊದವರ ಕಷ್ಟ ಇನ್ನೂ ಹೆಚ್ಚು. ಅಂಗಡಿಯವರಿಗೆ ಬ್ಯಾಟರಿ ಹೋದರೆ ಸೆಖೆ. ಆಟೊದವರಿಗೆ ಬ್ಯಾಟರಿ ಹೋದರೆ ಆ ದಿನದ ಅನ್ನ. ಸಾಲದ ಕಂತು ಮುಗಿಯುವ ಮೊದಲೇ ಸೆಟ್ಟು ಮಲಗಿದರೆ, ಇಲ್ಲದ ಬ್ಯಾಟರಿಗೆ ಕಂತು ಕಟ್ಟಬೇಕು, ಇರುವ ಬ್ಯಾಟರಿಗೆ ಹೊಸ ಸಾಲ ಮಾಡಬೇಕು.

ಬಸ್ಸಿನಲ್ಲಿ ಕೂತವರಿಗೆ

ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರ ಜೇಬಿನಲ್ಲೂ ಒಂದು ಬ್ಯಾಟರಿ ಇದೆ. ಮೊಬೈಲಿನದು. ಇದು ಲಿಥಿಯಮ್. ಇದರ ಸ್ವಭಾವ ಸೀಸಕ್ಕೆ ಪೂರ್ತಿ ಉಲ್ಟಾ. ಸೀಸದ ಬ್ಯಾಟರಿ ತುಂಬಿದ್ದಷ್ಟೂ ಸುಖ. ಲಿಥಿಯಮ್ ನೂರಕ್ಕೆ ನೂರು ತುಂಬಿ ಬಿಸಿಯಲ್ಲಿ ಕೂತಷ್ಟೂ ಬೇಗ ಮುಪ್ಪಾಗುತ್ತದೆ. ಅದಕ್ಕೆ 20ರಿಂದ 80ರ ನಡುವೆ ಓಡಾಡುವುದೇ ಆರೋಗ್ಯ. ಈಚಿನ ಬಹಳ ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಏರ್ಪಾಡು ಒಳಗೇ ಇದೆ.

"ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜಿಗೆ ಹಾಕಬೇಕು" ಅನ್ನುವ ಮಾತು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಕೇಳಿಬರುತ್ತದೆ. ಅದು ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯ ಕಾಲದ ಬುದ್ಧಿವಾದ. ಇವತ್ತಿನ ಫೋನಿಗೆ ಅದರಿಂದ ನಷ್ಟವೇ. ದಿಂಬಿನ ಕೆಳಗೆ ಇಟ್ಟು ರಾತ್ರಿಯೆಲ್ಲ ಚಾರ್ಜು, ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿಯ ಪಕ್ಕ ಪವರ್ ಬ್ಯಾಂಕಿಗೆ ಸಿಕ್ಕಿಸಿ ಸಿನಿಮಾ, ಈ ಎರಡು ಅಭ್ಯಾಸ ಬಿಟ್ಟರೆ ಅರ್ಧ ಗೆದ್ದ ಹಾಗೆ. ಚಾರ್ಜರು, ಪವರ್ ಬ್ಯಾಂಕು ಎರಡರ ಮೇಲೂ ಬಿಐಎಸ್ ಗುರುತು ನೋಡಿ ಕೊಳ್ಳುವುದು ಉಳಿದರ್ಧ.

ಯಾರಿಗೆ ಲಾಭ, ಯಾರಿಗೆ ನಷ್ಟ

ಬ್ಯಾಟರಿ ಬೇಗ ಸತ್ತರೆ ಮಾರುವವರಿಗೆ ಇನ್ನೊಂದು ವ್ಯಾಪಾರ. ಹಳೆಯದರ ಸೀಸದಲ್ಲಿ ಗುಜರಿಯವರಿಗೆ ಒಂದಿಷ್ಟು. ಹೀಗಿರುವಾಗ "ನಿಮ್ಮ ಚಾರ್ಜರು ಸರಿಯಿಲ್ಲ, ಅದನ್ನು ನೋಡಿಸಿ" ಅಂತ ಯಾರು ಹೇಳಬೇಕು? ಹೇಳುವ ಒಳ್ಳೆಯ ಮೆಕ್ಯಾನಿಕ್‌ಗಳೂ ಇದ್ದಾರೆ. ಅವರ ಮಾತು ಕೇಳಿದರೆ ಚಾರ್ಜರಿಗೆ ಇನ್ನೆರಡು ಸಾವಿರ ಬಿಚ್ಚಬೇಕಲ್ಲ ಅಂತ ಗಿರಾಕಿಯೇ ಕಿವಿ ಮುಚ್ಚಿಕೊಳ್ಳುತ್ತಾನೆ.

ಗ್ಯಾರಂಟಿ ಕಾರ್ಡಿನ ಸಣ್ಣ ಅಕ್ಷರವನ್ನೂ ಓದಬೇಕು. ಐದು ವರ್ಷ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದರಲ್ಲಿ ಮೊದಲ ಭಾಗಕ್ಕೆ ಮಾತ್ರ ಪೂರ್ತಿ ಬದಲಿ, ಉಳಿದ ಭಾಗಕ್ಕೆ ಬೆಲೆಯಲ್ಲಿ ಒಂದು ಪಾಲು ರಿಯಾಯಿತಿ. ನೀರು ಒಣಗಿದ್ದರೆ, ಹೆಚ್ಚು ಚಾರ್ಜಿನಿಂದ ಹಾಳಾಗಿದ್ದರೆ ಅದೂ ಇಲ್ಲ. ಅಂದರೆ ಚಾರ್ಜರು ಮಾಡಿದ ತಪ್ಪಿಗೆ ಬ್ಯಾಟರಿಯ ಗ್ಯಾರಂಟಿ ಹೋಗುತ್ತದೆ. ಬ್ಯಾಟರಿಯದ್ದೇ ದೋಷವಾಗಿದ್ದು ಕಂಪನಿ ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಬಿಲ್ಲು ಇರಬೇಕು. ಸಂಜೆ ಸಂಜೆಗೂ ವೋಲ್ಟೇಜ್ ಕುಸಿಯುವ ಬೀದಿಯವರು ಬೆಸ್ಕಾಂನ 1912ಕ್ಕೆ ದೂರು ಬರೆಸಿ ಅದರ ನಂಬರ್ ಇಟ್ಟುಕೊಳ್ಳಬೇಕು. ಬಾಯಲ್ಲಿ ಬೈದದ್ದು ಯಾವ ಕಡತದಲ್ಲೂ ಇರೋದಿಲ್ಲ.

ನಷ್ಟದ ಕೊನೆಯ ಬಾಬ್ತು ಕಿರ್ದಿಯಲ್ಲಿ ಬರೆಯಲಾಗದ್ದು. ಸತ್ತ ಬ್ಯಾಟರಿ ಎಲ್ಲಿ ಹೋಗುತ್ತದೆ? 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಿಸಿದ ಕಂಪನಿಯೇ ಹಳೆಯದನ್ನು ವಾಪಸು ತೆಗೆದುಕೊಂಡು ಸರಿಯಾದ ಕಾರ್ಖಾನೆಗೆ ಸೇರಿಸಬೇಕು. ಅದನ್ನು ತಪ್ಪಿಸಿ ಯಾವುದೋ ಶೆಡ್ಡಿಗೆ ಹೋದ ಬ್ಯಾಟರಿಯನ್ನು ಕೊಡಲಿಯಲ್ಲಿ ಒಡೆದು, ಆಸಿಡ್ ನೆಲಕ್ಕೆ ಚೆಲ್ಲಿ, ಸೀಸವನ್ನು ಬಯಲಲ್ಲಿ ಕರಗಿಸುತ್ತಾರೆ. ಆ ಹೊಗೆ, ಆ ಧೂಳು ಸುತ್ತಲಿನ ಮಕ್ಕಳ ಮೈ ಸೇರುತ್ತದೆ. ಜಗತ್ತಿನಲ್ಲಿ 80 ಕೋಟಿಯವರೆಗೆ ಮಕ್ಕಳ ರಕ್ತದಲ್ಲಿ ಅಪಾಯದ ಮಟ್ಟದ ಸೀಸ ಇದೆ ಅಂತ ಯುನಿಸೆಫ್ ವರದಿ 2020ರಲ್ಲಿ ಹೇಳಿತು. ಸೀಸದ ಬ್ಯಾಟರಿಯನ್ನು ಹೀಗೆ ಬೇಕಾಬಿಟ್ಟಿ ಒಡೆಯುವುದು ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಅಂತಲೂ ಹೇಳಿತು. ಸೀಸ ಮಕ್ಕಳ ಮೆದುಳಿಗೆ ಏರಿದರೆ ಬುದ್ಧಿ ಮಂದವಾಗುತ್ತದೆ, ಹೋದದ್ದು ವಾಪಸು ಬರೋದಿಲ್ಲ. ಐದು ವರ್ಷಕ್ಕೆ ಒಂದು ಬ್ಯಾಟರಿ ಸಾಯುವ ಕಡೆ ಎರಡೂವರೆ ಸಾಯುತ್ತಿದ್ದರೆ, ಆ ಶೆಡ್ಡಿಗೆ ಹೋಗುವ ಮಾಲೂ ಎರಡೂವರೆ ಪಟ್ಟು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಬ್ಯಾಟರಿ ಮಾರುವಾಗ ಬಿಲ್ಲಿನ ಮೇಲೆ ಎರಡು ಸಾಲು ಹೆಚ್ಚು ಬರೆದರೆ ಸಾಕು: ಈ ಬ್ಯಾಟರಿಗೆ ಎಷ್ಟು ಆಂಪಿಯರ್ ಬೇಕು, ಎಷ್ಟು ವೋಲ್ಟಿಗೆ ನಿಲ್ಲಬೇಕು, ಗಿರಾಕಿಯ ಅಂಗಡಿಯಲ್ಲಿರುವ ಚಾರ್ಜರು ಎಷ್ಟು ಕೊಡುತ್ತಿದೆ. ಫಿಟ್ ಮಾಡಲು ಬಂದ ಹುಡುಗ ಮೀಟರ್ ಹಿಡಿದು ನೋಡಿ ಬರೆಯಲು ಐದು ನಿಮಿಷದ ಕೆಲಸ. ವರ್ತಕರ ಸಂಘಗಳು ಇದನ್ನು ಒಟ್ಟಾಗಿ ಕೇಳಿದರೆ ಇಲ್ಲ ಅನ್ನುವ ಧೈರ್ಯ ಯಾವ ಡೀಲರಿಗೂ ಬರದು. ಸೇರು ಸಕ್ಕರೆ ಕೊಂಡರೂ ತಕ್ಕಡಿಯ ಮುಳ್ಳು ನೋಡುವ ಊರು ಇದು. ಹನ್ನೆರಡು ಸಾವಿರದ ಮಾಲಿಗೆ ಮುಳ್ಳು ನೋಡದೆ ಬರುವುದು ಎಲ್ಲಿಯ ವ್ಯಾಪಾರ?